ಏಳೋ ಟಾಪಿಗೊಂದು ತಾಡಪತ್ರಿ

ಮಂದಿ ಮನಿ ಮುಂದ ದಿನಾ ಹಾಲಿನಂವ ಬರ್ತಾನ, ಪೇಪರಿನಂವ ಬರ್ತಾನ. ನಮ್ಮನಿ ಮುಂದ ದಿನಾ ಒಂದು ಫಜೀತಿ ಬರ್ತೈತಿ. ಕರಿಯೂದ ಬ್ಯಾಡ, ಅದಕ್ಕ ನಮ್ಮ ಮನಿ ಗುರ್ತು ಅಗದಿ ಪಕ್ಕಾ ಐತಿ.

ನಾ ಸರ್ಕಾರಿ ಕೆಂಪು ಬಸ್ ಹೊಡದು ರಿಟೈರ್ ಆದಂವ. ನಾ ನೋಡದ ಊರು ಇನ್ನೂ ಹುಟ್ಟಿಲ್ಲ. ಇದರಾಗ ಒಂಚೂರು ಹೆಚ್ಚಿಗಿ ಹೇಳೀನಿ. ನಮ್ಮಾಕಿನ್ನ ಕೇಳಿದ್ರ ಒಂಚೂರು ಅಲ್ಲ, ಭಾಳ ಹೆಚ್ಚಿಗಿ ಅಂತಾಳ. ಇರ್ಲಿ. ರಿಟೈರ್ ಆಗಿ ಮನ್ಯಾಗ ಕುಂತೆ ನೋಡ್ರಿ, ಕುಂದ್ರಾಕ ಬರವಲ್ದು! ಊಟಕ್ಕ ಕುಂತ್ರ ಎಡಗಾಲು ತನ್ನಷ್ಟಕ್ಕ ತಾನ ಕ್ಲಚ್ ಒತ್ತತೈತಿ. ಕಟ್ಟಿ ಮ್ಯಾಲ ಕುಂತ್ರ ಹತ್ತು ಮಿನಿಟಿಗೊಮ್ಮೆ ಎದ್ದು ಹಾದಿ ನೋಡ್ತೀನಿ. "ಯಾರ ಬರೂರದಾರ?" ಅಂತ ಬಾಜೂ ಮನಿಯಂವ ಕೇಳ್ತಾನ. ಯಾರೂ ಬರೂದಿಲ್ಲೋ ಮಾರಾಯ, ನಾ ಹೋಗೂದೈತಿ!

ಅದಕ್ಕ ಒಂದು ಹಳೇ ಸಾಲಿ ವ್ಯಾನ್ ತಗೊಂಡೆ. ಹುಬ್ಬಳ್ಯಾಗ ಒಬ್ಬ ವೆಲ್ಡಿಂಗಿನಂವ ಅದರಾಗ ಒಂದು ಗ್ಯಾಸಿನ ಒಲಿ, ಒಂದು ಕಪಾಟು, ಮತ್ತ ಒಂದು ಏಳೋ ಟಾಪು ಮಾಡಿಕೊಟ್ಟ. ಏಳೋ ಟಾಪು ಅಂದ್ರ ಟ್ರಂಕಿನ ಮುಚ್ಚಳ ಇದ್ದಂಗ. ಒಳಗ ನಿಂತು ನೂಕಿದ್ರ ವ್ಯಾನಿನ ಟಾಪು ಒಂದು ಬದಿಗೆ ಮ್ಯಾಲ ಏಳತೈತಿ. ಎರಡು ರಾಡು ಎತ್ತಿ ಹಿಡೀತಾವ. ಮೂರೂ ಕಡೆ ಅರಿವಿ ಗ್ವಾಡಿ ಬಿಚ್ಚತೈತಿ. ಅಲ್ಲೇ ಒಂದು ಅಟ್ಟ, ಇಬ್ಬರು ಆರಾಮ ಮಲಗಬಹುದು. ಗಾಳಿ ಅಂದ್ರ ಗಾಳಿ! ಆದ್ರ ಮಳಿ ಬಂದ್ರ ಆ ಅರಿವಿ ಗ್ವಾಡಿ ಜರಡಿನ.

"ಕಾಕಾ, ಮ್ಯಾಲ ಒಂದು ಛಲೋ ತಾಡಪತ್ರಿ ಹಾಕ್ಕೊಂಡ್ಬಿಡ್ರಿ," ಅಂದ ವೆಲ್ಡಿಂಗಿನಂವ.

ಹೇಳಾಕ ಅವಗ ಒಂದು ಉಸುರು ಸಾಕಾತು. ನನಗ ಆರು ತಿಂಗಳು ಬೇಕಾತು.

ಯಾಕಂದ್ರ ನಮ್ಮಾಕಿ ಒಂದು ಕರಾರು ಹಾಕಿದ್ಳು. ನಾ ಊರೂರು ತಿರಗೂ ಹೊತ್ತಿನ್ಯಾಗ ಮನಿ, ಹೊಲ, ಎಮ್ಮಿ ಎಲ್ಲಾ ಆಕಿ ತಲಿ ಮ್ಯಾಲ. ನನ್ನ ಜೋಡಿ ಒಂದು ಊರಿಗೆ ಸುದ್ದಾ ಬಂದಾಕಿ ಅಲ್ಲ. ಸಮುದ್ರ ಹ್ಯಾಂಗಿರ್ತೈತಿ ಅಂತ ಆಕಿಗೆ ನಾ ಹೇಳಿದ್ದಷ್ಟ ಗೊತ್ತು. ನಾ ಹೇಳಿದ್ದು ಅಂದಮ್ಯಾಲ ಅದನ್ನೂ ಆಕಿ ನಂಬಿಲ್ಲ. ವ್ಯಾನಿನ ಸುತ್ತ ಒಂದು ಸುತ್ತು ಹಾಕಿದ್ಳು. ಎಮ್ಮಿ ಕೊಳ್ಳೂ ಮುಂದ ಬೆನ್ನು ಬಡದು ನೋಡ್ತಾರಲ್ಲ, ಹಂಗ ಬಡದು ನೋಡಿದ್ಳು. ಆಮ್ಯಾಲ ಅಂದ್ಳು:

"ಬರ್ತೀನ್ರಿ. ಸಮುದ್ರಾ ತೋರಸ್ರಿ. ಆದ್ರ ಮಲಗಿದಾಗ ನನ್ನ ಮ್ಯಾಲ ಒಂದು ಹನಿ ಬಿತ್ತಂದ್ರ ಅಲ್ಲೇ ಇಳದು ಕೆಂಪು ಬಸ್ ಹತ್ತಿ ಮನಿಗೆ ಬರ್ತೀನಿ. ಮರದಿನ ನೀವು ವ್ಯಾನ್ ಮಾರಬೇಕು. ಮಾರಿ, ಕಟ್ಟಿ ಮ್ಯಾಲ ಸುಮ್ನ ಕುಂದ್ರಬೇಕು."

"ಒಂದು ಹನಿಗೆ?"

"ಒಂದ ಹನಿ."

ಸುಮ್ನ ಕುಂದ್ರೂದು! ಅದಕಿಂತ ಜೈಲು ಬರೋಬ್ಬರಿ. ಅಲ್ಲೆ ಬೆಳಿಗ್ಗೆ ಅಡ್ಡಾಡಾಕರ ಬಿಡ್ತಾರ.

೧. ಸಿಮೆಂಟ್ ಹೊತ್ತದ್ದು

ಅಣ್ಣಿಗೇರ್‍ಯಾಗ ಲಾರಿಗೆ ತಾಡಪತ್ರಿ ಹೊಲಿಯಾಂವ ಒಬ್ಬ ಅದಾನ. ಮೊದಲ ಅಲ್ಲಿಗೆ ಓಡಿದೆ. ಮಳಿಗಾಲಕ್ಕ ಇನ್ನೂ ಎರಡು ತಿಂಗಳಿತ್ತು, ಆದ್ರ ನನಗ ನಾಳೆನ ಮೋಡ ಕಟ್ಟತೈತಿ ಅನ್ನೂ ಅವಸರ. ಅಂವ ಒಂದು ಹಳೇ ಕ್ಯಾನ್ವಾಸ್ ತಾಡಪತ್ರಿ ಹೊರಗ ಎಳದ.

"ಇದು ಸಿಮೆಂಟಿನ ಲಾರಿ ಮ್ಯಾಲ ಇದ್ದದ್ರಿ. ಒಂದು ಚೀಲ ಸುದ್ದಾ ಗಟ್ಟಿ ಆಗಿಲ್ಲ."

"ನಮ್ಮಾಕಿ ಸಿಮೆಂಟಕಿಂತ ನಾಜೂಕಪಾ," ಅಂದೆ.

"ಹಾಕಿ ನೋಡ್ರಿ," ಅಂದ.

ಅದನ್ನ ವ್ಯಾನಿನ ಮ್ಯಾಲ ಹಾಕಾಕ ಆರು ಮಂದಿ ಬೇಕಾದ್ರು. ಒಳಗಿಂದ ಟಾಪು ಎತ್ತಾಕ ಮತ್ತ ನಾಕು ಮಂದಿ. ಎದ್ದು ನಿಂತಿತು. ಅಗದಿ ಝಕಾಸ್! ನಮ್ಮಾಕಿ ಅಟ್ಟ ಹತ್ತಿ ಮಲಗಿ ನೋಡ್ತೀನಿ ಅಂತ ಹೋದ್ಳು. ಎತ್ತಿದವರೆಲ್ಲಾ ಚಹಾ ಕುಡಿಯಾಕ ಹೋದ್ರು. ನಾ ಕೆಳಗ ನಿಂತು ಅತ್ತಿಂದಿತ್ತ ಅಡ್ಡಾಡಕೋತ ಹೊರಗಿಂದ ಚೆಂದ ನೋಡಾಕತ್ತಿದ್ದೆ. ನೋಡ್ತೀನಿ, ಟಾಪು ಸಾವಕಾಶ ಕೆಳಗ ಬರಾಕತ್ತೈತಿ. ರಾಡಿಗೆ ಭಾರ ತಡಿಯವಲ್ದು! ಹಿಟ್ಟಿನ ಡಬ್ಬಿ ಮುಚ್ಚಳಾ ಮುಚ್ಚಿದಂಗ ಮುಚ್ಚಿಕೊಳ್ಳಾಕತ್ತೈತಿ.

"ಏನ್ರಿ! ಏನ್ರೀ!" ಅಂತ ಒಳಗಿಂದ ಧ್ವನಿ. ಆಕಿ ಮಲಗಿದಲ್ಲೇ ಎರಡೂ ಕಾಲು ಮ್ಯಾಲೆತ್ತಿ ಟಾಪಿಗೆ ಒದ್ದು ಹಿಡಿದಿದ್ಳು. ನಾ ಓಡಿ ಹೋಗಿ ಕಿಡಕಿಗೆ ಬಾಯಿ ಹಚ್ಚಿ ಕೇಳಿದೆ:

"ಲೇ, ಹನಿ ಏನರ ಬಂದಾವೇನು?"

"ಹನಿ ಎಲ್ಲಿಂದ ಬರ್ತಾವ್ರಿ? ಉಸುರ ಬರವಲ್ದು!"

೨. ಪುಕ್ಕಟೆ ಸಿಕ್ಕದ್ದು

ಭಾರ ಬ್ಯಾಡ, ಹಗೂರ ಬೇಕು ಅಂತ ಆತು. ನಮ್ಮೂರ ಫ್ಲೆಕ್ಸ್ ಅಂಗಡಿಯಂವ ಕರದ. "ಮಾವಾರ, ಹಳೇ ಫ್ಲೆಕ್ಸ್ ಒಂದು ಬಿದ್ದೈತಿ ನೋಡ್ರಿ. ಕಾಗದದಂಗ ಹಗೂರ. ನೀರು ಇಳಿಯಂಗಿಲ್ಲ. ಒಂದ ನೆನಪಿರ್ಲಿ, ಬಣ್ಣ ಇದ್ದ ಬದಿ ಮ್ಯಾಲ ಮಾಡ್ರಿ. ಬಿಳಿ ಬದಿ ನೀರು ಕುಡಿತೈತಿ."

ನಾ ಅವಸರದಾಗ ಕಟ್ಟಿದೆ, ಅಂಚು ಎರಡೂ ಬದಿಗೆ ಕಿಡಕಿ ತನಕಾ ಇಳಿಬಿತ್ತು. ಏನು ಬರದೈತಿ ಅಂತ ಓದಲಿಲ್ಲ. ಕನ್ನಡಕ ಮನ್ಯಾಗ ಬಿಟ್ಟಿದ್ದೆ. ಟ್ರಯಲ್ ಅಂತ ಮಧ್ಯಾಹ್ನ ನಮ್ಮಾಕಿನ್ನ ಕುಂದ್ರಿಸ್ಕೊಂಡು ಕುಂದಗೋಳ ಹಾದಿ ಹಿಡದೆ.

ಆ ದಿವಸ ಹಾದ್ಯಾಗ ನನಗ ಸಿಕ್ಕ ಮರ್ಯಾದಿ, ಬಸ್ ಹೊಡಿಯೂ ಮುಂದ ಎಂದೂ ಸಿಕ್ಕಿದ್ದಿಲ್ಲ. ಬೈಕಿನವರು ಹಾದಿ ಬಿಟ್ಟು ನಿಂತ್ರು. ಟ್ರ್ಯಾಕ್ಟರಿನಂವ ಹಾಡು ಬಂದ್ ಮಾಡಿದ. ಮುದುಕರು ಟೊಪ್ಪಗಿ ತಗದು ಎದಿಗೆ ಹಿಡಕೊಂಡ್ರು. "ನೋಡಲೇ, ನಿನ್ನ ಗಂಡಗ ಎಷ್ಟು ಮಂದಿ ಗುರ್ತಿನವರದಾರ," ಅಂದೆ. ಆಕಿ ಸುದ್ದಾ ಸೆರಗು ಸರಿ ಮಾಡ್ಕೊಂಡ್ಳು.

ಒಂದು ಚಹಾದಂಗಡಿ ಮುಂದ ನಿಲ್ಲಿಸಿ ಟಾಪು ಎತ್ತಿದೆ. ನಮ್ಮಾಕಿ ಅಟ್ಟ ಹತ್ತಿ ಅಡ್ಡಾದ್ಳು. ಟಾಪು ಓರಿಯಾಗಿ ಎದ್ದಾಗ ಅದರ ಮ್ಯಾಲಿನ ಫೋಟೋ ರೋಡಿಗೆ ಎದುರಾಗಿ ನಿಂತಿತು: ದೊಡ್ಡ ಮೀಸಿ, ದೊಡ್ಡ ಪೇಟಾ, ಕೆಳಗ ದೊಡ್ಡ ಅಕ್ಷರದಾಗ 'ಭಾವಪೂರ್ಣ ಶ್ರದ್ಧಾಂಜಲಿ'.

ಅಂಗಡಿಯಂವ ಊದಿನಕಡ್ಡಿ ಹಚ್ಚಿಕೊಂಡು ಬಂದ. ಒಬ್ಬಾಂವ ಟೆಂಗಿನಕಾಯಿ ತಂದ. ಇನ್ನೊಬ್ಬಾಂವ ನನ್ನ ಹೆಗಲ ಮ್ಯಾಲ ಕೈ ಇಟ್ಟು ಸಾವಕಾಶ ಕೇಳಿದ: "ಮಣ್ಣು ಎಷ್ಟೊತ್ತಿಗ್ರಿ?"

"ಯಾರ ಮಣ್ಣ್ರಿ?" ಅನ್ನೂದ್ರಾಗ ಸದ್ದಿಗೆ ಎಚ್ಚರಾಗಿ ನಮ್ಮಾಕಿ ಅರಿವಿ ಗ್ವಾಡಿ ಸರಿಸಿ, ಫೋಟೋದ ಕೆಳಗಿಂದ ತಲಿ ಹೊರಗ ಹಾಕಿದ್ಳು. ಊದಿನಕಡ್ಡಿ ಒಂದು ಕಡೆ ಬಿತ್ತು, ಟೆಂಗಿನಕಾಯಿ ಒಂದು ಕಡೆ ಉರುಳಿತು, ಮಂದಿ ಬಾಜೂ ಊರು ಶಿರೂರ ತನಕಾ ಓಡಿದ್ರು. ಒಬ್ಬಾಕಿ ಮುದುಕಿ ಅಷ್ಟ ಓಡಲಿಲ್ಲ. ಆಕಿ ಮ್ಯಾಲ ನೋಡಿ ಎದಿ ಎದಿ ಬಡಕೊಂಡು ಶುರು ಮಾಡಿದ್ಳು: "ಅಯ್ಯ ನನ್ನವ್ವಾ, ಇಂಥಾ ಮೀಸಿ ಗಂಡನ್ನ ಕಳಕೊಂಡ್ಯಲ್ಲವಾ! ಊಟಾ ಮಾಡೀಯೋ ಇಲ್ಲೋ? ಆ ಡ್ರೈವರ್ ಮುದುಕಗ ಏನರ ತಿನ್ನಾಕ ಹಾಕೀಯೋ ಇಲ್ಲೋ?"

ಗಂಡ ಜೀವಂತ ಇಲ್ಲೇ ನಿಂತೀನಿ. ಈಗ ಹೇಳ್ತಾಳ, ಈಗ ಹೇಳ್ತಾಳ ಅಂತ ನಾ ಆಕಿ ಮಾರಿ ನೋಡಾಕತ್ತೀನಿ.

ನಮ್ಮಾಕಿ ಮೀಸಿ ಫೋಟೋ ಒಮ್ಮೆ ನೋಡಿದ್ಳು, ನನ್ನ ಒಮ್ಮೆ ನೋಡಿದ್ಳು. ಮುದುಕಿಗೆ ಅಂದ್ಳು: "ಅವಂದು ಬಿಡಬೇ. ಅಂವ ಬಾಡಿಗಿ ಡ್ರೈವರ."

೩. ಹನಿ ಯಾರದು?

ಹೊಲದಾಗ ಕೃಷಿ ಹೊಂಡಕ್ಕ ಕರೀ ಪ್ಲಾಸ್ಟಿಕ್ ಹಾಸ್ತಾರಲ್ಲ, ಅದರಾಗ ಉಳದ ತುಂಡೊಂದು ತಂದೆ. ಅದು ಹೊಂಡದ ನೀರು ಹೊರಗ ಬಿಡಂಗಿಲ್ಲ. ಹಂಗಾರ ಹೊರಗಿನ ನೀರು ಒಳಗ ಹ್ಯಾಂಗ ಬಿಟ್ಟೀತು? ಈ ಸಲ ತಲಿ ಓಡಿಸಿದ್ದೆ. ಮನಿ ಮುಂದ ವ್ಯಾನ್ ನಿಲ್ಲಿಸಿ ನೀರಿನ ಟ್ಯಾಂಕರ್ ಕರಸಿ ಪೈಪ್ ಹಿಡಿಸಿದೆ. ಇಡೀ ಟ್ಯಾಂಕರ್ ಖಾಲಿ ಆತು. ಒಳಗ ಒಂದು ಹನಿ ಇಲ್ಲ! ಅವತ್ತ ಇಬ್ಬರೂ ಅದರಾಗ ಮಲಗಿದ್ವಿ.

ಬೆಳಕು ಹರಿಯೂ ಹೊತ್ತಿಗೆ ನಮ್ಮಾಕಿ ಎದ್ದು ಕುಂತು ಮೂಗು ವರಿಸಿಕೊಂಡ್ಳು. "ಬಿತ್ತು. ವ್ಯಾನ್ ಮಾರ್ರಿ."

ಹೊರಗ ನೋಡಿದ್ರ ಆಕಾಶ ತೊಳದ ಪರಾತದಂಗ ಖಾಲಿ. ಮಳಿ ಇಲ್ಲ, ಮಂಜಿಲ್ಲ. ಒಳಗ ಕೈ ಆಡಿಸಿದೆ, ಟಾಪಿನ ತುಂಬ ಬೆವರು. ಆ ಪ್ಲಾಸ್ಟಿಕ್ ನೀರು ಬಿಡಂಗಿಲ್ಲ ಖರೆ, ಗಾಳೀನೂ ಬಿಡಂಗಿಲ್ಲ. ನಾವು ಬಿಟ್ಟ ಉಸುರ ನೀರಾಗಿ ನಮ್ಮ ಮ್ಯಾಲ ಬೀಳಾಕತ್ತೈತಿ.

"ಇದು ಮಳಿ ಅಲ್ಲ," ಅಂದೆ.

"ನಾ ಹನಿ ಅಂದಿದ್ದೆ."

"ಮಳಿ ಹನಿ ಅನ್ನೂದು ಅರ್ಥ!"

ಜಗಳ ಊರ ಕಟ್ಟಿಗೆ ಹೋತು. ಅಲ್ಲೆ ಮೂರು ಮಂದಿ ಹಿರೇರು ಕುಂತಿದ್ರು, ಅವರಿಗೂ ಬ್ಯಾರೆ ಕೆಲಸಿರಲಿಲ್ಲ. ನಾ ನಿಂತಲ್ಲಿ ನಿಲ್ಲಲಾರದ ಒದ್ದಾಡಾಕತ್ತೀನಿ, ವ್ಯಾನಿನ ಜೀವ ಇವರ ಕೈಯಾಗೈತಿ. ದೊಡ್ಡ ಹಿರಿಯಾ ಎರಡೂ ಕಡೆ ಕೇಳಿದ. ವ್ಯಾನಿನೊಳಗ ಹೋಗಿ ಟಾಪು ಮುಟ್ಟಿ ಬಂದ. ಆಮ್ಯಾಲ ನಮ್ಮಾಕಿನ್ನ ಕೇಳಿದ:

"ತಂಗಿ, ಹನಿ ಎಲ್ಲಿ ಬಿತ್ತು?"

"ಮೂಗಿನ ಮ್ಯಾಲ್ರಿ."

"ವಾಸನಿ ಇತ್ತೇನು?"

ನಮ್ಮಾಕಿ ವಿಚಾರ ಮಾಡಿದ್ಳು. "ಇತ್ತ್ರಿ. ಬೀಡಿದು."

ಮೂರೂ ಹಿರೇರು ನನ್ನ ಕಡೆ ಹೊಳ್ಳಿದ್ರು. ನಾ ಬೀಡಿ ಬಿಟ್ಟೀನಿ ಅಂತ ಆಕಿ ಕೈ ಮ್ಯಾಲ ಕೈ ಇಟ್ಟು ಹೇಳಿ ಎರಡು ವರ್ಷ ಆಗಿತ್ತು.

"ತಾಡಪತ್ರಿದು ತಪ್ಪಿಲ್ಲ," ಅಂತ ಹಿರಿಯಾ ತೀರ್ಮಾನ ಕೊಟ್ಟ. "ವ್ಯಾನ್ ಇಟ್ಕೋವಾ. ಮಾರೂದಿದ್ರ ಗಂಡನ್ನ ಮಾರು."

೪. ಹಾರಿದ್ದು

ಇದು ಸಣ್ಣದು. ಆ ಕರೀ ಪ್ಲಾಸ್ಟಿಕ್ಕಿಗೆ ಗಾಳಿ ಆಡ್ಲಿ ಅಂತ ಒಂದು ಬದಿ ಹಗ್ಗ ಸಡ್ಲ ಬಿಟ್ಟು, ನಾ ಒಬ್ಬನ ನವಲಗುಂದ ಕಡೆ ಹೋದೆ. ಅಲ್ಲಿ ಗಾಳಿ ಗೊತ್ತಲ್ಲ, ಎರಿ ಹೊಲದಾಗ ಅಡ್ಡ ಒಂದು ಗಿಡಾ ಇಲ್ಲ. ತಿರ್ಲಾಪುರದ ಹಂತ್ಯಾಕ ನಿಲ್ಲಿಸಿ ಟಾಪು ಎತ್ತಿದ್ದ ತಡ, ಗಾಳಿ ಒಳಗ ಹೊಕ್ಕಿತು. ಪ್ಲಾಸ್ಟಿಕ್ ಉಬ್ಬಿ ಉಬ್ಬಿ, ವ್ಯಾನ್ ನೆಲಾ ಬಿಟ್ಟು ಮೂರು ಮಳ ಮ್ಯಾಲ ಹೋತು. ನಮ್ಮಾಕಿ ಇದನ್ನ ಕೇಳಿದಾಗೆಲ್ಲಾ "ಅಲ್ಲಾಡಿತು" ಅಂತಾಳ. ಅಲ್ಲೆ ಇದ್ದಂವ ನಾನೋ ಆಕಿನೋ?

ಹಗ್ಗ ಪಟ್ಟನ ಹರೀತು. ಪ್ಲಾಸ್ಟಿಕ್ ಖಾಲಿ ಹೊಲದ ಮ್ಯಾಲ ಹಾರಕೋತ ಹೋಗಿ ಅಲ್ಲೆ ಮೇಯೂ ಒಂದು ಎಮ್ಮಿ ಮ್ಯಾಲ ಬಿತ್ತು. ಅಷ್ಟೊತ್ತಿಗೆ ಮುಂಗಾರಿನ ಮೊದಲ ಮಳಿ ಧೋ ಅಂತ ಬಂತು. ನಾ ತೊಯ್ದೆ, ವ್ಯಾನ್ ತೊಯ್ತು, ಒಳಗಿನ ಗಾದಿ ತೊಯ್ತು. ಎಮ್ಮಿ ಪ್ಲಾಸ್ಟಿಕ್ ಹೊತಗೊಂಡು ನಿಂತಲ್ಲೇ ಮೆಲಕು ಹಾಕಾಕತ್ತಿತ್ತು. ನಾ ಇಷ್ಟು ದಿವಸ ಪಟ್ಟ ಕಷ್ಟದಾಗ ತೊಯ್ಯದ ಉಳದ ಮೊದಲನೇ ಜೀವ ಅದು.

೫. ಅಳತಿ ಕೊಟ್ಟು ಹೊಲಿಸಿದ್ದು

ಮಳಿಗಾಲ ಪೂರಾ ವ್ಯಾನ್ ಮನಿ ಮುಂದ ನಿಂತಿತು. ನಾ ದಿನಾ ಹೋಗಿ ಸ್ಟೇರಿಂಗ್ ಹಿಡದು ಕುಂತು ಬರೂದು. ನಮ್ಮಾಕಿ ನೋಡಿ ನೋಡಿ ಬ್ಯಾಸತ್ತು ಅಂದ್ಳು: "ಏಳ್ರಿ. ನಿಮ್ಮ ಕೈಯಾಗ ಆಗೂ ಕೆಲಸಲ್ಲ ಇದು." ತಾನ ಅಣ್ಣಿಗೇರಿಗೆ ವ್ಯಾನ್ ಹೊಡಸ್ಕೊಂಡು ಹೋದ್ಳು.

ತಾಡಪತ್ರಿ ಹೊಲಿಯಾಂವ ನನ್ನ ನೋಡಿದ ಕೂಡ್ಲೆ ಸಿಮೆಂಟಿಂದು ಒಳಗ ಎಳಕೊಂಡ. ನಮ್ಮಾಕಿ ಟೇಪ್ ಕಸಗೊಂಡ್ಳು.

"ನೋಡ್ರಿ ಅಣ್ಣಾರ, ಹಗೂರ ಅರಿವಿ ಇರ್ಲಿ. ಹೊರಗ ಮೇಣ ಹಚ್ಚಿದ್ದು, ಒಳಗ ಅಸ್ತರಾ. ಬೆವರಿಗೆ ಎರಡು ಕಡೆ ಕಿಡಕಿ ಬಿಡ್ರಿ, ಕಿಡಕಿ ಮ್ಯಾಲ ಝಾಲರಿ ಇಳೀಬೇಕು. ಟಾಪು ಎದ್ದಾಗ ಕಂಕಳಾಗ ಬಿಗಿ ಆಗಬಾರ್ದು. ಕೂತಾಗ ಸುಕ್ಕು ಬೀಳಬಾರ್ದು. ಹೊಲಿಗಿ ಮ್ಯಾಲ ಇನ್ನೊಂದು ಪಟ್ಟಿ ಹಚ್ರಿ, ಸೂಜಿ ತೂತಿನ್ಯಾಗ ನೀರು ಇಳಿತಾವ."

ಅಂವ ಬಾಯಿ ತಕ್ಕೊಂಡು ಬರಕೊಂಡ. ಎರಡು ಸಲ ಟ್ರಯಲ್ ಆತು. ಎರಡನೇ ಸಲ ನಮ್ಮಾಕಿ ಟಾಪು ಎತ್ತಿಸಿ, ಇಳಿಸಿ, ಎತ್ತಿಸಿ, ದೂರ ನಿಂತು ನೋಡಿ, "ಎಡಗಡೆ ಒಂದು ಬೊಟ್ಟು ಸಡ್ಲ ಬಿಡ್ರಿ," ಅಂದ್ಳು. ಹಗ್ಗದ ಬದ್ಲಿ ರಬ್ಬರಿನ ಕೊಂಡಿ ಹಾಕಿಸಿದ್ಳು.

ಹೊಲಿಯಾಂವ ನನ್ನ ಬಾಜೂಕ ಕರದ. "ಯಜಮಾನ್ರ, ಇಷ್ಟು ವರ್ಷ ಲಾರಿಗೆ ಹೊಲದೀನಿ. ಒಂದು ಲಾರಿ ಸುದ್ದಾ ಕಂಕಳ ಬಿಗಿ ಅಂದಿದ್ದಿಲ್ಲ. ನೀವು ಹ್ಯಾಂಗ ಜೀವನಾ ಮಾಡೀರಿ?"

"ಅದಕ್ಕ ಬಸ್ ಹೊಡದೀನಪಾ," ಅಂದೆ.

೬. ತಾಡಪತ್ರಿ ಹೋದಲ್ಲಿ

ಅಂತೂ ಸಮುದ್ರಕ್ಕ ಹೊಂಟ್ವಿ. ಹಿಂಗಾರಿನ ದಿವಸ. ಟ್ಯಾಂಕರ್ ನೀರು ಹೊಡಿಸಿ ನೋಡಿದ್ವಿ, ಒಂದು ರಾತ್ರಿ ಮಲಗಿ ನೋಡಿದ್ವಿ. ಹನಿ ಇಲ್ಲ, ಬೆವರಿಲ್ಲ. ಕಲಘಟಗಿ ದಾಟಿ ತಂಬೂರ ಕೆರಿ ಹತ್ರ ಬಂದಾಗ ನಾಕು ಗಂಟೆ. ಟಾಪು ಎತ್ತಿ, ತಾಡಪತ್ರಿ ಬಿಗದು, ನಮ್ಮಾಕಿ ಅಟ್ಟದ ಮ್ಯಾಲ ಮಲಗಿದ್ಳು. ನಾ ಕೆಳಗ ಚಹಾಕ್ಕಿಟ್ಟೆ. ನನ್ನ ಎಡಗಾಲು ಆಗ್ಲೆ ಮುಂದಿನ ಘಾಟಿನ್ಯಾಗ ಕ್ಲಚ್ ಒತ್ತಾಕತ್ತಿತ್ತು.

ಅಲ್ಲೇ ರೋಡಿನ ದಂಡಿಗೆ ಗಂಡ ಹೆಂಡ್ತಿ ಇಬ್ಬರು ಒಣಗಾಕ ಹಾಕಿದ ಗೊಂಜಾಳ, ಅಂದ್ರ ಮೆಕ್ಕಿಜೋಳ, ಕೂಡಿ ರಾಶಿ ಮಾಡಾಕತ್ತಿದ್ರು. ನೋಡನೋಡದ್ರಾಗ ಪಡುವಲ ಕಡೆಯಿಂದ ಕರೀ ಮೋಡ ಎದ್ದು ಬಂತು. ಅವರ ಹತ್ರ ಇದ್ದದ್ದು ಹರಕ ಚೀಲ ನಾಕು. ಇಡೀ ವರ್ಷದ ಬೆಳಿ ರೋಡಿನ ಮ್ಯಾಲ! ಗಂಡಸು ಓಡಿ ಬಂದ. ನಮ್ಮ ಕಡೆ ಇಂಥಾ ಹೊತ್ತಿನ್ಯಾಗ ಯಾರೂ 'ಕೊಡ್ತೀರೇನು' ಅಂತ ಕೇಳೂದಿಲ್ಲ, ಯಾರ ತಾಡಪತ್ರಿ ಅಂತಾನೂ ನೋಡೂದಿಲ್ಲ. ರಾಶಿ ಒಂದು ಕಡೆ, ಮಳಿ ಒಂದು ಕಡೆ, ನಡುವ ತಾಡಪತ್ರಿ ಕಂಡ್ರ ಎಳಿಯೂದು. ಅಂವ ಒಂದು ಬದಿ ಕೊಂಡಿ ಬಿಚ್ಚಕೋತ ನನಗ ಒದರಿದ:

"ಕಾಕಾ, ಏನ ನೋಡ್ತಿ! ಆ ಕಡೆ ಬಿಚ್ಚು, ಲಗೂನ!"

ನಾ ಬಿಚ್ಚಿದೆ! ಆರು ತಿಂಗಳು ಜೀವಾ ತೇಯ್ದು ಹೊಲಿಸಿದ ತಾಡಪತ್ರೀನ ನನ್ನ ಕೈಯಾರೆ ಬಿಚ್ಚಿದೆ. ಮೈಗೆ ಹತ್ತಿದ ರೂಢಿ ಹಂಗ, ರಾಶಿ ಅಂದ್ರ ಕೈ ತಾವ ಓಡ್ತಾವ. ಇಬ್ಬರೂ ಎಳಕೊಂಡು ಓಡಿದ್ವಿ. ರಾಶಿ ಮ್ಯಾಲ ಹಾಸಿದ್ವಿ. ನಾಕನೇ ಮೂಲಿ ಹಿಡಿಯಾಕ ಮಂದಿ ಸಾಲಲಿಲ್ಲ. "ಹಿಡೀರಿ ಯಾರರ!" ಅಂತ ನಾ ಒದರೂದ್ರಾಗ ಯಾರೋ ಬಂದು ಹಿಡದ್ರು. ಕಲ್ಲು ಹೇರಿದ್ವಿ. ಮಳಿ ಸುರೀತು.

ತಲಿ ಎತ್ತಿ ನೋಡ್ತೀನಿ, ನಾಕನೇ ಮೂಲಿ ಹಿಡದಾಕಿ ನಮ್ಮಾಕಿ. ನೆತ್ತಿಯಿಂದ ಅಂಗಾಲಿನ ತನಕ ನೀರು. ಅತ್ತಾಗ ವ್ಯಾನ್ ನೋಡಿದ್ರ ಎದ್ದ ಟಾಪಿನ್ಯಾಗ ಮಳಿ ಸೀದಾ ಗಾದಿ ಮ್ಯಾಲ ಹೊಂಟೈತಿ.

ಮುಗೀತು ಅಂದ್ಕೊಂಡೆ. ಕಟ್ಟಿ ಕಣ್ಣ ಮುಂದ ಬಂತು. ಅದೇ ಹೊತ್ತಿಗೆ ಎದುರಿಗೆ, ಎಲ್ಲಿ ಅಡಗಿತ್ತೋ ಏನೋ, ಕೆಂಪು ಬಸ್ ಬಂತು! ಮಳ್ಯಾಗ ನಿಂತ ಹೆಣಮಗಳನ್ನ ನೋಡಿ ಡ್ರೈವರ್ ಬ್ರೇಕ್ ಹಾಕಿದ. ಬಾಗಲಾ ತಗೀತು.

"ಹುಬ್ಬಳ್ಳಿ, ಹುಬ್ಬಳ್ಳಿ! ಬರ್ತೀರೇನವಾ?" ಅಂದ ಕಂಡಕ್ಟರ್.

ನಮ್ಮಾಕಿ ಬಸ್ ನೋಡಿದ್ಳು. ನನ್ನ ನೋಡಿದ್ಳು. ನನ್ನ ಕಾಲು ಅಷ್ಟು ವರ್ಷದಾಗ ಮೊದಲನೇ ಸಲ ಅಲ್ಲಾಡದ ನಿಂತಿತ್ತು.

"ಏ ಹೋಗ್ರಿ, ಮುಂದ ಹೋಗ್ರಿ!" ಅಂತ ಕಂಡಕ್ಟರಗ ಗದರಿಸಿದ್ಳು. "ಇಲ್ಲಿ ರಾಶಿ ನಡದೈತಿ, ರೋಡಿನ ನಡುವ ನಿಲ್ಲಿಸಿಕೊಂಡು! ನೀರು ಸಿಡಸಬ್ಯಾಡ್ರಿ ಗೊಂಜಾಳಕ್ಕ!"

ಬಸ್ ಹೋತು. ನಾ ಹೆದರಕೋತ ಕೇಳಿದೆ: "ಮತ್ತ... ಒಂದು ಹನಿ ಕರಾರು?"

"ಒಂದು ಹನಿ ಬಿದ್ದಿದ್ರ ನೋಡ್ತಿದ್ದೆ," ಅಂದ್ಳು ಸೆರಗು ಹಿಂಡಕೋತ. "ಇದು ಕೊಡಗಟ್ಲೆ ಬಿದ್ದೈತಿ. ಇದಕ್ಕ ನಾವು ಏನೂ ಮಾತಾಡಿಲ್ಲ."

ಮಳಿ ನಿಂತ್ರೂ ಮೋಡ ಹೋಗಲಿಲ್ಲ. ತಾಡಪತ್ರಿ ತೆಗಿಯೂ ಹಂಗಿಲ್ಲ. ರಾಶಿಯವರ ಮನ್ಯಾಗ ಮೂರು ದಿವಸ ಉಳದ್ವಿ. ನಮ್ಮಾಕಿ ಆ ಹೆಣಮಗಳ ಜೋಡಿ ರೊಟ್ಟಿ ಬಡದ್ಳು, ಗೊಂಜಾಳ ತಿರಿವಿದ್ಳು, ಊರ ಮಂದಿಗೆಲ್ಲಾ ತಾಡಪತ್ರಿ ಹೊಲಿಗಿ ತೋರಿಸಿದ್ಳು. ನಾಕನೇ ದಿವಸ ರಾಶಿಯಂವ ತಲಿ ಕೆರಕೋತ ಅಂದ: "ಕಾಕೂ, ದೇವಿಕೊಪ್ಪದಾಗ ನಮ್ಮಕ್ಕಂದು ರಾಶಿ ಬಿದ್ದೈತ್ರಿ..."

"ಒಯ್ರಿ!" ಅಂದ್ಳು ನಮ್ಮಾಕಿ, ನಾ ಬಾಯಿ ತಗಿಯೂಕಿಂತ ಮೊದಲ.

ತಾಡಪತ್ರಿ ಟ್ರ್ಯಾಕ್ಟರಿನ್ಯಾಗ ಮುಂದ, ನಾವು ವ್ಯಾನಿನ್ಯಾಗ ಹಿಂದ. ದೇವಿಕೊಪ್ಪದಿಂದ ಅಕ್ಕನ ಮೈದುನನ ಊರು, ಅಲ್ಲಿಂದ ಅವರ ಬೀಗರ ಊರು. ಒಂದು ರಾಶಿ ಮುಗೀತು ಅನ್ನೂದ್ರಾಗ ಇನ್ನೊಂದು ರಾಶಿಗೆ ಫೋನ್. ಆರು ಊರು ತಿರಗಿದ್ವಿ. ನಾ ಹನ್ನೆರಡು ಅಂತೀನಿ, ಆಕಿ ಆರು ಅಂತಾಳ, ಈ ಸಲ ಆಕಿದ ಖರೆ. ಹೋದಲ್ಲೆಲ್ಲಾ ನಮ್ಮಾಕಿಗೆ ಒಂದು ಹೊಸಾ ಗೆಳತಿ, ಒಂದು ಹೊಸಾ ಅಡಗಿ. ನಾ ದಿನಾ ಬೆಳಿಗ್ಗೆ ಟಾಯರ್ ಒದ್ದು, ಎಂಜಿನ್ ಚಾಲೂ ಮಾಡಿ, ಬಂದ್ ಮಾಡಿ, "ಲೇ, ಸಮುದ್ರಾ..." ಅನ್ನೂದು. ಆಕಿ, "ಅದು ಎಲ್ಲಿಗೆ ಓಡಿ ಹೋಗ್ತೈತ್ರಿ? ಕುಂದ್ರಿ ಸುಮ್ನ," ಅನ್ನೂದು.

ಕಡೀಕ ರಾಶಿ ಎಲ್ಲಾ ಮುಗದು, ಹೊಳ್ಳಿ ತಂಬೂರಿಗೆ ಬಂದ್ವಿ. ಒಂದು ಮುಂಜಾನೆ ಆ ಮೊದಲಿನ ರಾಶಿಯಂವ ತಾಡಪತ್ರಿ ಕೆರ್‍ಯಾಗ ತೊಳದು, ಒಣಗಿಸಿ, ನೀಟ ಮಡಚಿ, ತಲಿ ಮ್ಯಾಲ ಹೊತಗೊಂಡು ಬಂದ. ಜೋಡಿ ಒಂದು ಚೀಲ ಗೊಂಜಾಳ. ನಾ ಆನಂದಕ್ಕ ಎರಡು ಸಲ ಹಾರ್ನ್ ಹೊಡದೆ.

ನಮ್ಮಾಕಿ ಹೊರಗ ಬಂದು, ಮಡಚಿದ ತಾಡಪತ್ರಿ ನೋಡಿ, ಮಾರಿ ಸಣ್ಣದು ಮಾಡಿ ಅವಗ ಅಂದ್ಳು:

"ಇಷ್ಟು ಲಗೂ ಯಾಕ ತಂದೀಪಾ?"